ಬೀಗರ ಮೀನಿನ ಉಪವಾಸ

ರೋಣದ ಬಸ್ ನಿಲ್ದಾಣದಿಂದ ಒಂದು ಕೂಗಳತೆಯಲ್ಲಿ ನನ್ನ ಖಾನಾವಳಿ ಇದೆ. ಹಸಿದು ಬಂದವರ ಹೊಟ್ಟೆ ತುಂಬಿಸುವುದು ನನ್ನ ಕಸುಬು. ಯಾರನ್ನಾದರೂ ಉಪವಾಸ ಕೆಡವುವುದು ಆ ಕಸುಬಿನ ಧರ್ಮಕ್ಕೆ ನೇರ ವಿರುದ್ಧ. ಆದರೂ ಹೋದ ಬೇಸಿಗೆಯಲ್ಲಿ ನಾನು ಹಿತ್ತಲಿನ ತೊಟ್ಟಿಯಲ್ಲಿ ಮೀನುಗಳನ್ನು ಬಿಟ್ಟು, ಅವಕ್ಕೆ ಒಂದು ತುತ್ತೂ ಸಿಗದಂತೆ ಕಾವಲು ಕಾಯ್ದೆ. ಅದೂ ಮದುವೆಯಂಥ ಶುಭಕಾರ್ಯದ ಸಲುವಾಗಿ. ಈ ಸುದ್ದಿ ಕೇಳಿ ಓಣಿಯವರು ನಕ್ಕಿದ್ದಾರೆ. ನಗಲಿ. ಆ ಮೀನು ತಿಂದವರು ನಕ್ಕಿಲ್ಲ.

ಇದಕ್ಕೆಲ್ಲ ಮೂಲ ಒಬ್ಬ ಕಂಡಕ್ಟರು. ರೋಣ ಮತ್ತು ಗಜೇಂದ್ರಗಡದ ನಡುವೆ ಓಡುವ ಬಸ್ಸಿನಲ್ಲಿ ಟಿಕೆಟ್ ಕೊಡುವವರು, ಮಧ್ಯಾಹ್ನದ ಊಟಕ್ಕೆ ನನ್ನ ಕಾಯಂ ಗಿರಾಕಿ. ಕೆಲಸದ ದಿನ ಎಷ್ಟು ಗದ್ದಲದಲ್ಲಿ ಇರುತ್ತಾರೋ, ರಜೆಯ ದಿನ ಅಷ್ಟೇ ಮೌನವಾಗಿ ಗಜೇಂದ್ರಗಡದ ಕಡೆಯ ಒಂದು ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂರುತ್ತಾರೆ. ಕೆರೆಯನ್ನು ಗುತ್ತಿಗೆ ಹಿಡಿದವರು ಅಡ್ಡಿ ಮಾಡುವುದಿಲ್ಲ. ಬಲೆ ಹಾಕುವವರಿಗೆ ಗಾಳ ಹಾಕುವವರ ಬಗ್ಗೆ ಒಂದು ತರಹದ ಕರುಣೆ ಇರುತ್ತದೆ. ಬದುಕಿನಲ್ಲಿ ಕಂಡಕ್ಟರಿಗೆ ಎರಡೇ ಹೆಮ್ಮೆ. ಒಂದು, ತಾವು ಹಿಡಿದ ಮೀನು. ಇನ್ನೊಂದು, ಒಬ್ಬಳೇ ಮಗಳು. ಈ ಎರಡೂ ಹೆಮ್ಮೆಗಳು ಒಂದೇ ತಾಟಿನಲ್ಲಿ ಎದುರುಬದುರಾದದ್ದೇ ತೊಂದರೆಯಾಯಿತು.

ಮಗಳಿಗೆ ಕಾರವಾರದ ಕಡೆಯ ಸಂಬಂಧ ಬಂತು. ಹುಡುಗ ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ಗುಣವಂತ. ಅವರು ಮನೆ ನೋಡಲು ಬಂದ ದಿನ ಕಂಡಕ್ಟರು ತಾವೇ ಹಿಡಿದ ರೋಹು ಮೀನನ್ನು ನನ್ನ ಕಡೆ ಹುರಿಸಿಕೊಂಡು ಹೋಗಿ ಬಡಿಸಿದರು. ನಾನೂ ಕೈ ಬಿಗಿಹಿಡಿಯದೆ ಮಸಾಲೆ ಹಾಕಿದ್ದೆ. ಬಡಿಸಲು ಜೊತೆಗೂ ಹೋಗಿದ್ದೆ. ಹುಡುಗನ ತಂದೆ, ಸಮುದ್ರದ ಗಾಳಿಯಲ್ಲೇ ತಲೆ ನರೆತವರು, ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು. ನಿಂತಿತು. ನುಂಗಿದರು. ಉಳಿದದ್ದನ್ನು ಬಹಳ ಮರ್ಯಾದೆಯಿಂದ ರೊಟ್ಟಿಯ ಕೆಳಗೆ ಸರಿಸಿದರು.

“ಕೆರೆ ಮೀನು ಅಲ್ವಾ?” ಎಂದರು. “ಪಾಪ, ನಿಮಗೆ ಇಲ್ಲಿ ಇದೇ ಸಿಗೋದು.”

ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾದ ಮರುಕವೇ ಇತ್ತು. ಅದಕ್ಕೇ ಹೆಚ್ಚು ನಾಟಿತು. ಸಂಬಂಧವೇನೋ ಕುದುರಿತು. ಆದರೆ ತಾಟು ಎತ್ತಿದವಳು ಮಗಳು. ರೊಟ್ಟಿಯ ಕೆಳಗಿನ ಮೀನನ್ನು ಅವಳು ನೋಡಿದಳು. ಅವಳು ನೋಡಿದ್ದನ್ನು ಅಪ್ಪ ನೋಡಿದರು.

ಮರುದಿನ ಊಟಕ್ಕೆ ಬಂದ ಕಂಡಕ್ಟರು ರೊಟ್ಟಿ ಮುರಿಯದೆ ಕೂತಿದ್ದರು.

“ಮಾಲಕ್ರ, ಆ ‘ಪಾಪ’ ಅಂದ್ರಲ್ಲ, ಅದು ಗಂಟಲಾಗ ಗಾಳ ಸಿಕ್ಕಂಗ ಸಿಕ್ಕೈತ್ರಿ.”

“ಬಿಡ್ರಿ ಸಾಹೇಬ್ರ. ಸಮುದ್ರದ ಮಂದಿ. ಅವರಿಗೆ ನಮ್ಮ ಮೀನು ಹಿಡಸೂದಿಲ್ಲ.”

“ನಂದೇನು, ಬಿಟ್ಟೆ. ನಾಳಿ ನನ್ನ ಮಗಳು ಆ ಮನ್ಯಾಗ ದಿನಾ ಮೀನ ಸ್ವಚ್ಛ ಮಾಡಾಕ ಕುಂದ್ರಾಕಿ. ‘ಕೆಸರ ತಿಂದು ಬೆಳದಾಕಿ, ಇಕಿಗೇನು ರುಚಿ ಗೊತ್ತು ಪಾಪ’ ಅಂದ್ರ? ಒಮ್ಮೆ ಅಂದ್ರ ಜನ್ಮಪೂರ್ತಿ ಅಂದಂಗ.”

ಮದುವೆಯ ಮಾರನೆಯ ದಿನ ರೋಣದಲ್ಲೇ ಬೀಗರೂಟ, ಅಡುಗೆ ನನ್ನದು ಎಂದು ಮೊದಲೇ ಮಾತಾಗಿತ್ತು. ಆ ಊಟಕ್ಕೆ ತಮ್ಮ ಗಾಳದ ಮೀನೇ ಆಗಬೇಕು ಎಂದು ಕಂಡಕ್ಟರು ಹಟ ಹಿಡಿದರು. ಅಷ್ಟಕ್ಕೇ ನಿಲ್ಲಲಿಲ್ಲ.

“ಬೀಗರು ಎರಡನೇ ತುಂಡು ತಾವಾಗೇ ಕೇಳಬೇಕ್ರಿ. ನಾವು ಬಲವಂತ ಮಾಡಿ ಹಾಕೂದಲ್ಲ. ಅವರ ಬಾಯಿಂದ ಬರಬೇಕು.”

ಒಪ್ಪಿದೆ. ಆ ದಿನದ ಮಸಾಲೆ ನನ್ನದೇ ಆಗಿತ್ತಲ್ಲ.

ನಾನು ಖಾರವನ್ನು ನಂಬಿ ಬದುಕಿದ ಮನುಷ್ಯ. ಜಗತ್ತಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮುಚ್ಚಲಾರದ ದೋಷವಿಲ್ಲ ಎಂದೇ ತಿಳಿದಿದ್ದೆ. ಮುಂದಿನ ಕೆಲವು ರವಿವಾರ ಕಂಡಕ್ಟರು ಮೀನು ತಂದರು, ಅದರ ಕೆಸರು ವಾಸನೆ ಕಳೆಯಲು ನಾನು ಪ್ರಯೋಗ ಮಾಡಿದೆ. ಹುಣಸೆ ರಸದಲ್ಲಿ ನೆನೆಸಿದೆ, ಹುಳಿ ಕೆಸರಾಯಿತು. ಮಜ್ಜಿಗೆಯಲ್ಲಿ ಇಟ್ಟೆ, ತಂಪು ಕೆಸರಾಯಿತು. ಲಿಂಬೆ, ಅರಿಷಿಣ, ಬೆಳ್ಳುಳ್ಳಿ ಹಚ್ಚಿ ಖಾರ ಏರಿಸಿದೆ. ಕಣ್ಣೀರು ತರಿಸುವ ಕೆಸರಾಯಿತು. ಮೊದಲ ತುತ್ತಿಗೆ ಮಸಾಲೆ ಮಾತಾಡುತ್ತಿತ್ತು, ಎರಡನೆಯದಕ್ಕೆ ಕೆರೆ ಮಾತಾಡುತ್ತಿತ್ತು. ಕಂಡಕ್ಟರ ಮಗಳು ಒಂದು ರವಿವಾರ ತಿಂದು ನೋಡಿ ತಾಟು ಕೆಳಗಿಟ್ಟಳು.

“ಅಪ್ಪಾ, ಹಿಡಿಯೂದು ನಿನ್ನ ಹವ್ಯಾಸ. ತಿನ್ನೂದು ನಮ್ಮ ಕರ್ಮ.”

ನನ್ನ ಗಿರಾಕಿಗಳಲ್ಲಿ ಮೀನುಗಾರಿಕೆ ಇಲಾಖೆಯ ನೌಕರರೊಬ್ಬರಿದ್ದಾರೆ, ನರಗುಂದದವರು. ಕೆಲಸದ ಮೇಲೆ ಈ ಕಡೆ ಬಂದಾಗ ನಮ್ಮಲ್ಲಿ ಉಣ್ಣುತ್ತಾರೆ. ಮೀನು ಮುಟ್ಟುವುದಿಲ್ಲ, ಕಾಳುಪಲ್ಲೆ ರೊಟ್ಟಿಯವರು. ಅವರ ಮುಂದೆ ಸಂಕಟ ತೋಡಿಕೊಂಡೆ. ಅವರು ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಹೇಳಿದರು. ಬೇಸಿಗೆಯಲ್ಲಿ ಕೆರೆ ಇಳಿದಾಗ ನೀರು ಬಿಸಿಯಾಗಿ ಹಸಿರು ಪಾಚಿ ಹೆಚ್ಚುತ್ತದೆ. ಕೆಸರಿನ ವಾಸನೆ ಹುಟ್ಟುವುದು ಆ ಪಾಚಿಯಿಂದ. ಮೀನು ಅದನ್ನು ಬಾಯಿಂದ ತಿನ್ನಬೇಕೆಂದೇನೂ ಇಲ್ಲ, ಕಿವಿರಿನಿಂದ ನೀರು ಹಾದರೆ ಸಾಕು, ವಾಸನೆ ಮೈಯೊಳಗೆ ಹೋಗಿ ಕೊಬ್ಬಿನಲ್ಲಿ ಕೂರುತ್ತದೆ. ಹೊಟ್ಟೆಯ ಕಡೆಯ ತೆಳು ಮಾಂಸ, ಚರ್ಮ, ಪಕ್ಕೆಯ ಉದ್ದಕ್ಕೂ ಇರುವ ಕಪ್ಪು ಕೆಂಪಿನ ಗೆರೆ, ಇವೇ ಅದರ ಮನೆ.

“ಮ್ಯಾಲ ಏನ ಹಚ್ಚಿದ್ರೂ ಉಪಯೋಗಿಲ್ರಿ,” ಎಂದರು. “ನೀವು ತೊಳೀಬೇಕಾದ್ದು ಮೀನನ್ನಲ್ಲ, ಮೀನಿನ ಒಳಗಿನ ಕೆರೀನ್ನ.”

“ಅದನ್ನ ತೊಳಿಯೂದು ಹ್ಯಾಂಗ್ರಿ?”

“ಜೀವಂತ ಇಟ್ಟು. ಸ್ವಚ್ಛ ನೀರು, ನೆರಳು, ಖಾಲಿ ಹೊಟ್ಟಿ. ಒಂದು ವಾರ ಹತ್ತು ದಿನ. ವಾಸನಿ ಹ್ಯಾಂಗ ಒಳಗ ಹೋತೋ ಹಂಗ ಹೊರಗ ಬರತೈತಿ.”

ಜೀವಂತ ಇಡುವುದಾದರೆ ಗಾಳದ ಮೀನೇ ಮೇಲು ಎಂದೂ ಹೇಳಿದರು. ಬಲೆಯಲ್ಲಿ ಸಿಕ್ಕದ್ದು ಒದ್ದಾಡಿ ಹುರುಪೆ ಕಿತ್ತುಕೊಂಡಿರುತ್ತದೆ, ಬಹಳ ದಿನ ಬಾಳುವುದಿಲ್ಲ. ತುಟಿಯಲ್ಲಿ ಗಾಳ ಸಿಕ್ಕದ್ದು ಬಾಳುತ್ತದೆ. ಕಂಡಕ್ಟರಿಗೆ ತಿಳಿಸಿದಾಗ ಈ ಮಾತು ಅಮೃತದಂತೆ ಕೇಳಿಸಿತು.

ಹಿತ್ತಲಲ್ಲಿ ನನ್ನ ಅಜ್ಜ ಎತ್ತುಗಳಿಗೆ ನೀರು ಕುಡಿಸಲು ಕಟ್ಟಿಸಿದ ಉದ್ದನೆಯ ಕಲ್ಲಿನ ತೊಟ್ಟಿ ಇತ್ತು. ಅದನ್ನು ತಿಕ್ಕಿ ತೊಳೆದು ನಳದ ನೀರು ತುಂಬಿಸಿದೆ. ಮೊದಲ ಸಲ ಮೀನು ತರಲು ನಾನೂ ಕೆರೆಗೆ ಹೋದೆ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಚಿಟಿಕೆ ಇಂಗು ಕಲಸಿದ ಉಂಡೆಯನ್ನು ಗಾಳಕ್ಕೆ ಚುಚ್ಚಿ ಕಂಡಕ್ಟರು ಕೂತರು. ನಾನು ಪಕ್ಕದಲ್ಲಿ ಕೂತು, ಅಡುಗೆಯವನಾಗಿ ಆ ಉಂಡೆಗೆ ಉಪ್ಪು ಸಾಲದು ಎಂದುಕೊಂಡೆ. ಎದುರಿಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೊದಲ ಮೀನು ಬಿದ್ದಾಗ ಕಂಡಕ್ಟರು ರೂಢಿಯಂತೆ ಅದರ ಕಿವಿರಿಗೆ ದಾರ ಪೋಣಿಸಿ ದಂಡೆಯ ಕೆಸರಿನಲ್ಲಿ ಕಟ್ಟಿಹಾಕಲು ಹೊರಟರು. ಇಲ್ಲಿ ಎಲ್ಲರೂ ಮಾಡುವುದು ಹೀಗೇ; ಸಂಜೆಯವರೆಗೆ ಮೀನು ಒದ್ದಾಡುತ್ತಿರಬೇಕು, ಮನೆಯಲ್ಲಿ ಇಳಿಸಿದಾಗ ಬಾಲ ಬಡಿಯಬೇಕು, ಆಗಲೇ ತಾಜಾ ಎಂದು ಒಪ್ಪುವುದು.

“ಹಂಗ ಕಟ್ಟಿದ್ರ ದಿನಪೂರ್ತಿ ಆ ಕೆಸರನ್ನ ಉಸುರಾಡತೈತಿ ಸಾಹೇಬ್ರ.”

“ನನ್ನ ಅಪ್ಪನೂ ಹಿಂಗ ಕಟ್ಟತಿದ್ರಿ.”

“ನಿಮ್ಮ ಅಪ್ಪಗ ಕಾರವಾರದ ಬೀಗರಿದ್ದಿಲ್ಲ.”

ದಾರ ಕಿಸೆಗೆ ಹೋಯಿತು. ಮುಚ್ಚಳವಿರುವ ನೀಲಿ ಪೀಪಾಯಿಯಲ್ಲಿ ನೀರು ಹಾಕಿ ಮೀನು ಬಿಟ್ಟೆವು. ಬಸ್ಸಿನಲ್ಲಿ ತರುವ ಪ್ರಶ್ನೆಯೇ ಇರಲಿಲ್ಲ. ಜೀವಂತ ಮೀನಿಗೆ ಫುಲ್ ಟಿಕೆಟ್ಟೋ ಹಾಫ್ ಟಿಕೆಟ್ಟೋ ತಮಗೆ ತಿಳಿಯದು ಎಂದು ಕಂಡಕ್ಟರೇ ಹೇಳಿದರು. ಟಂಟಂ ಗಾಡಿಯಲ್ಲಿ ಪೀಪಾಯಿ ಏರಿಸಿ, ದಾರಿಯುದ್ದಕ್ಕೂ ಕೈಯಿಂದ ನೀರು ಚಿಮ್ಮಿಸುತ್ತ, ಒಳಗೆ ಗಾಳಿ ಆಡುವಂತೆ ಮಾಡುತ್ತ ರೋಣಕ್ಕೆ ತಂದೆವು. ತೊಟ್ಟಿಗೆ ಬಿಟ್ಟಾಗ ಎಲ್ಲವೂ ಈಜಿದವು. ಕಂಡಕ್ಟರು ನಮಸ್ಕಾರ ಮಾಡುವುದೊಂದು ಬಾಕಿ.

ಬೆಳಿಗ್ಗೆ ನೋಡಿದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ನಳದ ನೀರಿಗೆ ಮನುಷ್ಯರ ಆರೋಗ್ಯಕ್ಕೆಂದು ಔಷಧ ಬೆರೆಸುತ್ತಾರೆ. ಮನುಷ್ಯರಿಗೆ ಹಿತವಾದದ್ದು ಮೀನಿಗೂ ಹಿತ ಎಂದು ತಿಳಿದದ್ದು ನನ್ನ ಉದಾರಬುದ್ಧಿಯ ಫಲ. ಮೀನುಗಾರಿಕೆ ಇಲಾಖೆಯವರಿಗೆ ಫೋನು ಮಾಡಿದೆ. ಬೋರಿನ ನೀರು ಹಾಕಿ ಎಂದರು. ನಮ್ಮ ಬೋರಿನದು ಸವಳು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಆದರೆ ಮೀನು ಬೇಳೆಯೂ ಅಲ್ಲ, ಸೋಪೂ ಅಲ್ಲ. ಮುಂದಿನ ರವಿವಾರ ತಂದವು ಆ ನೀರಿನಲ್ಲಿ ಆರಾಮಾಗಿ ಇದ್ದವು. ತಗಡಿನ ಡಬ್ಬಿಯ ತಳಕ್ಕೆ ತೂತು ಹೊಡೆದು ಪೈಪಿನ ಬಾಯಿಗೆ ಎತ್ತರದಲ್ಲಿ ಕಟ್ಟಿದೆ. ನೀರು ಮಳೆಯಂತೆ ಬಿದ್ದು ಗಾಳಿ ಬೆರೆಯುತ್ತಿತ್ತು. ಕರೆಂಟು ಹೋದಾಗ ಕೊಡದಿಂದ ಎತ್ತಿ ಎತ್ತಿ ಸುರಿಯುವುದು. ಮುಂದೆ ಇನ್ನೆರಡು ಸಲ ಹೋಗಿಬಂದು ಬೇಕಾದಷ್ಟು ಮೀನು ಕೂಡಿಸಿದೆವು. ಮನೆಯವರಿಗೆಲ್ಲ ಒಂದೇ ಕಟ್ಟಪ್ಪಣೆ: ತೊಟ್ಟಿಗೆ ಏನೂ ಹಾಕಬಾರದು.

ಉಪವಾಸ ಒಂದು ವಾರ ದಾಟಿತು ಎಂದು ನಾನು ತಿಳಿದಾಗ ಒಂದು ಮೀನನ್ನು ತೆಗೆದು ಪರೀಕ್ಷೆ ಮಾಡಿದೆ. ಪರೀಕ್ಷೆಯ ವಿಧಾನ ಸರಳ, ಖಾನಾವಳಿಯವನಿಗೆ ಮಾತ್ರ ಕಷ್ಟ. ಉಪ್ಪೂ ಇಲ್ಲ, ಖಾರವೂ ಇಲ್ಲ. ಹೊಟ್ಟೆಯ ಕಡೆಯ ಒಂದು ತುಂಡನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಹಬೆಯಲ್ಲಿ ಬೇಯಿಸುವುದು, ಮೂಗನ್ನು ಹತ್ತಿರ ತಂದು ಮುಚ್ಚಳ ತೆಗೆಯುವುದು. ಮೊದಲ ಉಗಿಯಲ್ಲಿ ನಿಜ ಹೊರಬೀಳುತ್ತದೆ.

ಮುಚ್ಚಳ ತೆಗೆದೆ. ಮೊದಲಿದ್ದ ಕೆರೆಯೇ ಎದ್ದು ಬಂತು.

ಅನುಮಾನ ಬಂದು ತೊಟ್ಟಿಯನ್ನು ಸರಿಯಾಗಿ ನೋಡಿದೆ. ನೀರು ತೆಳ್ಳಗೆ ಹಸಿರಾಗಿತ್ತು. ಗೋಡೆ ಮುಟ್ಟಿದರೆ ಕೈ ಜಾರುತ್ತಿತ್ತು. ಮರುದಿನ ಬೆಳಿಗ್ಗೆ ಗಿರಾಕಿಗಳನ್ನು ಹೆಂಡತಿಗೆ ಒಪ್ಪಿಸಿ, ಹಿತ್ತಲ ಬಾಗಿಲ ಹಿಂದೆ ನಿಂತೆ. ನನ್ನ ಅವ್ವ ಬಂದಳು. ಸೆರಗಿನಲ್ಲಿ ಏನೋ ಇತ್ತು. ಅತ್ತಿತ್ತ ನೋಡಿ ತೊಟ್ಟಿಯ ಅಂಚಿಗೆ ಕೂತು ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಹಾಕತೊಡಗಿದಳು. ಮೀನುಗಳು ಅವಳ ಕೈಯ ಕೆಳಗೆ ಬಂದು ಸೇರಿದ ರೀತಿ ನೋಡಿದರೆ ಪರಿಚಯ ಹೊಸದಲ್ಲ ಎಂದು ಸ್ಪಷ್ಟವಿತ್ತು.

“ಯವ್ವಾ, ಏನ ಮಾಡಾಕತ್ತಿ?”

“ಕಾಣೂದಿಲ್ಲೇನ? ರೊಟ್ಟಿ ಹಾಕಾಕತ್ತೀನಿ.”

“ಏನೂ ಹಾಕಬ್ಯಾಡ ಅಂದಿದ್ದೆ.”

“ಅಂದಿದ್ದಿ. ಕೇಳಿ ನನಗ ನಾಚಿಕಿ ಬಂತು. ಖಾನಾವಳಿ ಮನಿ ಇದು. ನಾಯಿ ಬಂದ್ರ ನಾಯಿಗೆ, ಕಾಗಿ ಬಂದ್ರ ಕಾಗಿಗೆ ಹಾಕೀವಿ. ಇವು ನಮ್ಮ ಮನಿ ನೀರಿಗೆ ಬಂದು ಇಳದಾವ. ಬಾಯಿ ತೆರದು ತೆರದು ನೋಡತಾವ ಪಾಪ.”

“ಮೀನು ಯಾವಾಗ್ಲೂ ಬಾಯಿ ತೆರೀತಾವ. ಅದು ಉಸುರಾಟ.”

“ಹಸದೋರೆಲ್ಲಾ ಹಂಗ ಉಸುರಾಡತಾರ. ಗಲ್ಲಿಗೆ ಏರೋರಿಗೂ ಸರಕಾರ ಕಡೀ ಊಟ ಕೊಡತೈತಿ. ನೀ ಸರಕಾರಕ್ಕಿಂತ ದೊಡ್ಡಾವಾದೇನು?”

ವಿಚಾರಣೆ ಮುಂದುವರಿದಂತೆ ಅಪರಾಧ ಒಬ್ಬಳದಲ್ಲ ಎಂದು ತಿಳಿಯಿತು. ಪಕ್ಕದ ಮನೆಯಿಂದ ಮಿಕ್ಕಿದ ಅನ್ನ ಬರುತ್ತಿತ್ತು. ಎದುರು ಮನೆಯಾಕೆ ಚುರಮರಿ ತರುತ್ತಿದ್ದಳು. ಅಮಾವಾಸ್ಯೆಯ ದಿನ ಯಾರೋ ಹೋಳಿಗೆ ಮುರಿದು ಹಾಕಿದ್ದರು. ನಾನು ಉಪವಾಸ ಎಂದು ಎಣಿಸುತ್ತಿದ್ದ ದಿನಗಳಲ್ಲಿ ಆ ಮೀನುಗಳು ತಮ್ಮ ಆಯುಷ್ಯದಲ್ಲೇ ಕಾಣದಷ್ಟು ಉಂಡಿದ್ದವು. ತಿಂದು ಉಳಿದದ್ದು ತಳದಲ್ಲಿ ಕೊಳೆತು, ಮೇಲೆ ಬಿಸಿಲು ಬಿದ್ದು, ನಮ್ಮ ಹಿತ್ತಲಲ್ಲೇ ಒಂದು ಸಣ್ಣ ಕೆರೆ ಸಿದ್ಧವಾಗಿತ್ತು.

ಸಂಜೆ ಕಂಡಕ್ಟರು ಮಗಳೊಡನೆ ಬಂದರು. ಮದುವೆಗೆ ಇನ್ನು ಹತ್ತು ಹನ್ನೆರಡು ದಿನವಷ್ಟೇ ಉಳಿದಿತ್ತು. ವಿಷಯ ಕೇಳಿ ಅವರು ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟರು.

“ಕೋಳಿ ಮಾಡಿಬಿಡ್ರಿ ಮಾಲಕ್ರ. ಕೋಳಿ ಎಲ್ಲಾ ಊರಾಗೂ ಕೋಳಿನ.”

“ಬರ್ಫದಾಗ ಬಂದ ಸಮುದ್ರದ ಮೀನ ಗದಗಿನಾಗ ಸಿಗತಾವಲ್ರಿ?” ಎಂದಳು ನನ್ನ ಹೆಂಡತಿ.

“ಅವರ ಮನೀ ಮುಂದ ಹಿಡದದ್ದು ಊರೆಲ್ಲಾ ತಿರಗಿ ಬಂದು ಅವರ ತಾಟಿಗೇ ಬೀಳೂದೇನ್ರಿ? ಅದಕ್ಕೂ ಪಾಪ ಅಂತಾರ.”

“ಕೋಳಿ ಹಾಕಿದ್ರ ತಿಂದು ಮರತು ಹೊಕ್ಕಾರ ಅಪ್ಪಾ,” ಎಂದಳು ಮಗಳು. “ಆದ್ರ ಅವತ್ತು ಅಂದದ್ದು ಹಂಗ ಉಳೀತೈತಿ. ನಾ ಅಲ್ಲಿ ಇರಾಕಿ.”

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಅವ್ವನನ್ನು ತೊಟ್ಟಿಯಿಂದ ದೂರ ಇಡುವುದು ಸಾಧ್ಯವಿಲ್ಲ. ಹಾಗಾದರೆ ತೊಟ್ಟಿಯನ್ನೇ ಅವಳಿಗೆ ಕೊಟ್ಟುಬಿಡುವುದು. ಅವಳ ತವರು ಮೆಣಸಗಿ, ಮಲಪ್ರಭೆಯ ಬದಿ. ಹೊಳೆ ಮೀನು ತಿಂದು ಬೆಳೆದವಳು, ಕೆರೆ ಮೀನನ್ನು ಮೂಸಿ ಪಕ್ಕಕ್ಕಿಡುವವಳು. ನಮ್ಮ ಮನೆಯಲ್ಲಿ ಅವಳ ಮೂಗಿಗೆ ಸರಿಸಾಟಿ ಇಲ್ಲ. ಹಿಂದಿನ ಓಣಿಯಲ್ಲಿ ಹಾಲು ಉಕ್ಕಿದರೆ ಇಲ್ಲಿ ಕೂತು ಹೇಳುತ್ತಾಳೆ. ಮತ್ತೊಂದು ತುಂಡನ್ನು ಹಬೆಯಲ್ಲಿ ಬೇಯಿಸಿ, ಡಬ್ಬಿಯನ್ನು ಅವಳ ಮುಂದಿಟ್ಟು ಮುಚ್ಚಳ ತೆಗೆದೆ. ಅವಳು ಮುಖ ತಿರುಗಿಸಿದಳು.

“ಇಶ್ಶಿ! ಕೆರೀ ದಂಡೀ ವಾಸನಿ. ನಮ್ಮ ಮನ್ಯಾಗ ಇದು ಹ್ಯಾಂಗ ಬಂತೋ?”

“ನಿನ್ನ ರೊಟ್ಟಿಯಿಂದ ಬಂತವ್ವಾ.”

ನೀರು, ಪಾಚಿ, ಕೊಬ್ಬು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕಂಡಕ್ಟರ ಮಗಳನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿದಳು.

“ಇವತ್ತಿನಿಂದ ತೊಟ್ಟಿ ನಿಂದು,” ಎಂದೆ. “ಮದುವಿ ಹಿಂದಿನ ದಿನ ಮುಚ್ಚಳಾ ತಗೀತೀನಿ. ನೀ ಹೂಂ ಅಂದ್ರ ಬೀಗರಿಗೆ ಮೀನು. ಊಹೂಂ ಅಂದ್ರ ಕೋಳಿ. ನಾ ಎದುರು ಮಾತಾಡೂದಿಲ್ಲ.”

“ಎಷ್ಟ ದಿನಾ ಉಪಾಸ ಇವಕ್ಕ?”

“ವಾರದ ಮ್ಯಾಲ.”

“ನೀರಂತೂ ಸಿಗತೈತಿ?”

“ನೀರಾಗ ಇರತಾವಲ್ಲವ್ವಾ.”

ಅವ್ವ ವಿಚಾರ ಮಾಡಿದಳು. ಸೋಮವಾರ, ಏಕಾದಶಿ, ಸಂಕಷ್ಟಿ ಎಲ್ಲವನ್ನೂ ತಪ್ಪದೆ ಮಾಡಿದವಳು. ಈ ವಿಷಯದಲ್ಲಿ ನಮ್ಮ ಮನೆಗೆ ಅವಳೇ ಪ್ರಮಾಣ. “ಹಂಗಾದ್ರ ನಿರಾಹಾರ, ನಿರ್ಜಲ ಅಲ್ಲ,” ಎಂದು ತೀರ್ಪು ಕೊಟ್ಟಳು. “ತಡೀತಾವ ಬಿಡು.”

ಮೀನುಗಳನ್ನು ಪೀಪಾಯಿಗಳಿಗೆ ತೆಗೆದು ತೊಟ್ಟಿ ಖಾಲಿ ಮಾಡಿದೆವು. ತೆಂಗಿನ ನಾರಿನಿಂದ ಗೋಡೆ ತಿಕ್ಕಿ, ಒಂದು ದಿನ ಬಿಸಿಲಿಗೆ ಒಣಗಿಸಿ, ಹೊಸ ನೀರು ಬಿಟ್ಟೆವು. ಮೇಲೆ ಲಾರಿಯ ಹಳೆಯ ತಾಡಪತ್ರಿ ಕಟ್ಟಿ ನೆರಳು ಮಾಡಿದೆವು, ಬಿಸಿಲಿಲ್ಲದಿದ್ದರೆ ಪಾಚಿಯಿಲ್ಲ. ದಿನಾ ಬೆಳಿಗ್ಗೆ ತಳದ ಹೊಲಸನ್ನು ಪೈಪಿನಿಂದ ಎಳೆದು, ಅರ್ಧ ನೀರು ಬದಲಿಸುವುದು. ತೊಟ್ಟಿಯ ಪಕ್ಕ ಅವ್ವ ಚಾಪೆ ಹಾಕಿ ಕೂತಳು. ಹೋಳಿಗೆಯವರು, ಚುರಮರಿಯವರು ಒಬ್ಬೊಬ್ಬರಾಗಿ ಬಂದು ಹಾಗೆಯೇ ಹಿಂದಿರುಗಿದರು.

“ನಿಮ್ಮ ಪುಣ್ಯಾ ನಿಮ್ಮ ಮನ್ಯಾಗ ಮಾಡ್ರಿ,” ಎನ್ನುತ್ತಿದ್ದಳು. “ಇವು ವ್ರತದಾಗ ಅದಾವ.”

ಕರೆಂಟು ಹೋದಾಗ ತಾನೇ ಎದ್ದು ತಂಬಿಗೆಯಿಂದ ನೀರು ಎತ್ತಿ ಸುರಿಯುತ್ತಿದ್ದಳು. ಮೊದಲೆರಡು ದಿನ ಮೀನುಗಳು ಅವಳ ನೆರಳು ಕಂಡೊಡನೆ ಬಂದು ಸೇರುತ್ತಿದ್ದವು. ಅವಳು ಎರಡೂ ಖಾಲಿ ಕೈ ಚಾಚಿ ತೋರಿಸುತ್ತಿದ್ದಳು. ಆಮೇಲೆ ಅವು ಬರುವುದನ್ನು ಬಿಟ್ಟವು. ಆ ದಿನ ಅವ್ವ ರಾತ್ರಿ ಊಟ ಬೇಡವೆಂದಳು. ಯಾವ ತಿಥಿ ಎಂದು ಕೇಳಿದೆ. “ಯಾವುದೂ ಅಲ್ಲ” ಎಂದು ಮಲಗಿದಳು.

ಪರೀಕ್ಷೆಯ ಹೊತ್ತಿಗೆ ಕಂಡಕ್ಟರು ಮದುವೆಮನೆಯ ಕೆಲಸ ಬಿಟ್ಟು ಓಡಿ ಬಂದಿದ್ದರು. ಡಬ್ಬಿ ಇಳಿಸಿ ಅವ್ವನ ಮುಂದಿಟ್ಟೆ. ಮುಚ್ಚಳ ತೆಗೆದೆ. ಉಗಿ ಅವಳ ಮುಖಕ್ಕೆ ಹೊಡೆಯಿತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಹುಬ್ಬು ಗಂಟಿಕ್ಕಿತು. ಕಂಡಕ್ಟರು ಗೋಡೆ ಹಿಡಿದುಕೊಂಡರು.

“ಏನ ಬರತೈತಿ ಯವ್ವಾ?” ಎಂದರು.

“ಏನೂ ಬರವಲ್ದು ತಮ್ಮಾ.” ಮತ್ತೊಮ್ಮೆ ಮೂಸಿದಳು. “ಬರೇ ಮೀನ ಬರಾಕತ್ತೈತಿ.”

ಬೀಗರೂಟದ ಬೆಳಿಗ್ಗೆಯ ಕೆಲಸ ನನ್ನದು. ಒಂದೊಂದನ್ನೇ ತೆಗೆದು, ತಲೆಗೆ ಒಂದೇ ಏಟು, ತಕ್ಷಣ ಕಿವಿರಿನ ಬುಡ ಕೊಯ್ದು ನೆತ್ತರು ಇಳಿಸಿ, ಬರ್ಫದ ನೀರಿಗೆ. ರೋಣದಲ್ಲಿ ಬರ್ಫದ ಮೀನೆಂದರೆ ಹಳೆಯ ಮೀನು ಎಂಬ ತಿಳುವಳಿಕೆ ಇದೆ, ಆದ್ದರಿಂದ ಹಿತ್ತಲ ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಿದೆ. ಚರ್ಮ ಸುಲಿದೆ, ಹೊಟ್ಟೆಯ ಕೊಬ್ಬು ತೆಗೆದೆ, ಪಕ್ಕೆಯ ಕಪ್ಪು ಗೆರೆಯನ್ನು ಚೂರಿಯಿಂದ ಕೆತ್ತಿದೆ. ಉಪ್ಪು, ಅರಿಷಿಣ, ಸ್ವಲ್ಪ ಖಾರ, ಮೇಲೆ ತೆಳುವಾಗಿ ಜೋಳದ ಹಿಟ್ಟು. ಅಷ್ಟೇ. ಬೆಳ್ಳುಳ್ಳಿಯ ಕಡೆ ಹೋದ ಕೈಯನ್ನು ಎರಡು ಸಲ ಹಿಂದಕ್ಕೆ ಎಳೆದುಕೊಂಡೆ. ಮುಚ್ಚಲು ಏನೂ ಇಲ್ಲದಾಗ ಅಡುಗೆಯವನಿಗೆ ಒಂದು ತರಹ ಮೈಮೇಲೆ ಬಟ್ಟೆ ಇಲ್ಲದಂತೆ ಅನಿಸುತ್ತದೆ.

ಬೀಗರ ಪಂಕ್ತಿ ಕೂತಿತು. ಹಿರಿಯ ಬೀಗರ ತಾಟಿಗೆ ಒಂದು ತುಂಡು ಹಾಕಿದೆ. ಅವರು ಅದನ್ನು ನೋಡಿದರು, ಪಕ್ಕದ ರೊಟ್ಟಿಯನ್ನೂ ನೋಡಿದರು. ನಾನು ರೊಟ್ಟಿಯನ್ನು ದೂರಕ್ಕೆ ಬಡಿಸಬೇಕಿತ್ತು. ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿದರು. ಅಗಿಯುವುದು ನಿಲ್ಲಲಿಲ್ಲ. ಇನ್ನೊಂದು ಚೂರು ಮುರಿದರು. ನೋಡನೋಡುತ್ತ ತಾಟಿನಲ್ಲಿ ಮುಳ್ಳಷ್ಟೇ ಉಳಿಯಿತು, ಹಣಿಗೆಯಂತೆ ಸ್ವಚ್ಛವಾಗಿ.

ಮುಂದೆ ಏನೂ ಆಗಲಿಲ್ಲ.

ಅವರು ಸುಮ್ಮನೆ ಕೂತರು. ನಾನು ಮೀನಿನ ಪರಾತ ಹಿಡಿದು ಸುಮ್ಮನೆ ನಿಂತೆ. ಬೀಗರು ಬಾಯಿಬಿಟ್ಟು ಕೇಳಲಿ, ನಾವಾಗಿ ಹಾಕಬಾರದು ಎಂದು ಕಂಡಕ್ಟರು ಬಡಿಸುವವರಿಗೆಲ್ಲ ತಾಕೀತು ಮಾಡಿದ್ದರು. ಆದರೆ ಬೀಗರೂಟದಲ್ಲಿ ಯಾವ ಬೀಗರು ತಾನೇ ಬಾಯಿಬಿಟ್ಟು ಕೇಳುತ್ತಾರೆ? ಬಡಿಸುವವರು ಬಂದು “ಇನ್ನೊಂದು” ಎನ್ನಬೇಕು, ಅವರು “ಬೇಡ” ಎನ್ನಬೇಕು, ಇವರು “ಆಣೆ ಹಾಕ್ತೀವಿ” ಎನ್ನಬೇಕು, ಆಮೇಲೆ ತಿನ್ನಬೇಕು. ಇದು ಎಲ್ಲ ಊರಿನ ಕ್ರಮ, ಕಾರವಾರದ್ದೂ. ಅವರು ಉಪಚಾರಕ್ಕೆ ಕಾಯುತ್ತಿದ್ದರು, ನಾವು ಬೇಡಿಕೆಗೆ ಕಾಯುತ್ತಿದ್ದೆವು. ಮೀನು ಆರುತ್ತಿತ್ತು. ಎರಡು ತಿಂಗಳ ನಮ್ಮ ಪರಿಶ್ರಮ ಪರಾತದ ಮೇಲೆ ತಣ್ಣಗಾಗುತ್ತಿತ್ತು. ಅಡುಗೆಮನೆಯ ಬಾಗಿಲಿನಿಂದ ಅವ್ವ ಹಲ್ಲು ಕಚ್ಚಿ ಸನ್ನೆ ಮಾಡುತ್ತಿದ್ದಳು. ಕಂಡಕ್ಟರು ಕಂಬಕ್ಕೆ ಒರಗಿ, ಗಾಳ ಹಾಕಿದವರ ಮುಖ ಮಾಡಿಕೊಂಡು, ದಾರ ಅಲುಗುವುದನ್ನು ಕಾಯುವಂತೆ ಬೀಗರ ತುಟಿಯನ್ನೇ ನೋಡುತ್ತಿದ್ದರು.

ಮದುಮಗಳು ಗಂಡನ ಪಕ್ಕದಿಂದ ಎದ್ದಳು. ನನ್ನ ಕೈಯಿಂದ ಪರಾತ ತೆಗೆದುಕೊಂಡು ಮಾವನ ಮುಂದೆ ಬಗ್ಗಿದಳು.

“ಮಾವಾರ, ಇನ್ನೊಂದು.”

“ಸಾಕಮ್ಮ, ಸಾಕು, ಸಾಕು,” ಎಂದು ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಡ್ಡ ಹಿಡಿದ ಆ ಕೈಯ ಬೆರಳುಗಳು ಅಗಲವಾಗಿ ತೆರೆದಿದ್ದವು. ದೊಡ್ಡ ಕಣ್ಣಿನ ಬಲೆಯಂತಿತ್ತು ಆ ಕೈ. ಸೊಸೆ ಹಾಕಿದ ತುಂಡು ಅದರ ನಡುವಿನಿಂದ ಸಲೀಸಾಗಿ ತಾಟಿಗೆ ಇಳಿಯಿತು. ಅದರ ಹಿಂದೆ ಮೂರನೆಯದೂ ಇಳಿಯಿತು.

ಅದನ್ನೂ ಮುಗಿಸಿ ಅವರು ತಲೆ ಎತ್ತಿದರು. “ನಮ್ಮ ಕಡೆ ಇಂಥದ್ದು ಸಿಗೋದಿಲ್ಲ ಮಗಾ,” ಎಂದರು ಸೊಸೆಗೆ. “ಪಾಪ, ಅಲ್ಲಿ ಬಂದು ಏನು ತಿಂತೀಯೋ ನೀನು.”

ಕಂಡಕ್ಟರು ಕಂಬ ಬಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದು, ಕೊನೆಯ ಪಂಕ್ತಿಯ ತನಕ ತಾವೇ ನಿಂತು ಬಡಿಸಿದರು. ಎಲ್ಲರಿಗೂ ಬಲವಂತ ಮಾಡಿ ಹಾಕಿದರು.

ಊಟದ ಲೆಕ್ಕಕ್ಕಿಂತ ಒಂದು ಮೀನು ಹೆಚ್ಚಾಗಿ ತೊಟ್ಟಿಯಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಅವ್ವ ತಾಡಪತ್ರಿ ಸರಿಸಿ ಕೂತಿದ್ದಳು. ಮಡಿಲಲ್ಲಿ ಬಿಸಿ ರೊಟ್ಟಿ. ಒಂದೊಂದೇ ಚೂರು ಮುರಿದು ಹಾಕುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಪಂಚಮಿಗೆ ಸಾಹೇಬ್ರ ಮಗಳು ತವರಿಗೆ ಬರೂ ಮುಂದ ಬೀಗರೂ ಬರತಾರಂತ ಅವ್ವಾ,” ಎಂದೆ. “ಮತ್ತ ಇಂಥಾ ಮೀನ ಬೇಕು ಅಂದಾರಂತ.”

“ಶ್ರಾವಣದಾಗ ಯಾವ ಮೀನೋ, ಖೋಡಿ. ದೀಪಾವಳಿಗೆ ಬರಲಿ,” ಎಂದಳು. “ಅಲ್ಲೀತನಕ ಇದು ಉಣ್ಣಲಿ.”